ಹಲಗೆಯ ಮೇಲಿನ ಹಲ್ಲುಗಾಲಿ

"ಗುರುಗಳೇ, ನೀವು ಊರೂರು ತಿರುಗಿ ಹೇಳುತ್ತಲೇ ಇದ್ದೀರಿ. ಜನ ಕೂತು ಕೇಳುತ್ತಲೇ ಇದ್ದಾರೆ. ಆದರೂ ಅವರ ಬಾಳು ಯಾಕೆ ಒಂದಿಷ್ಟೂ ಬದಲಾಗಲಿಲ್ಲ?" ಎಂದು ಶಿಷ್ಯ ಕೇಳಿದ.

ಗುರು ಒಂದು ಕತೆ ಹೇಳಿದರು.

ಒಂದು ಕಾರ್ಖಾನೆಯಲ್ಲಿ ಅಣ್ಣ ತಮ್ಮ ದುಡಿಯುತ್ತಿದ್ದರು. ಅಣ್ಣನದು ಲೇತಿನ ಕೆಲಸ: ಯಂತ್ರದಲ್ಲಿ ತಿರುಗುವ ಕಬ್ಬಿಣದ ಸರಳನ್ನು ಕಡೆದು ರೂಪ ಕೊಡಬೇಕು. ತಮ್ಮನದು ಕೈಪ್ರೆಸ್ಸು: ಒಂದು ಕೈಯಿಂದ ತಗಡು ಇಡಬೇಕು, ಇನ್ನೊಂದು ಕೈಯಿಂದ ಹಿಡಿ ತಿರುಗಿಸಿ ಅಚ್ಚು ಒತ್ತಬೇಕು. ಹಿಡಿ ನುಣುಪು, ಕೈಯೆಲ್ಲ ಎಣ್ಣೆ. ಬಟ್ಟೆ ಸುತ್ತಿದರೆ ಅದೂ ಎಣ್ಣೆ ಕುಡಿದು ಇನ್ನಷ್ಟು ಜಾರುತ್ತಿತ್ತು. ಜಾರಿದರೆ ಅಚ್ಚು ತಾನಾಗಿ ಕೆಳಗಿಳಿದು ತಗಡಿನ ಜೊತೆ ಕೈಯನ್ನೂ ಜಜ್ಜುತ್ತಿತ್ತು. ಮುಂಚೆ ಅಲ್ಲಿದ್ದವನು ಹಾಗೆಯೇ ಕೈ ಕಳೆದುಕೊಂಡು ಮನೆ ಸೇರಿದ್ದ. ತಮ್ಮ ಆ ಜಾಗದಲ್ಲಿ ಕೂರುವುದನ್ನು ನೋಡಿದಾಗಲೆಲ್ಲ ಅಣ್ಣ ತನ್ನ ಕೆಲಸ ಬಿಟ್ಟು ಅವನ ಕೈಯನ್ನೇ ಕಾಯುತ್ತಿದ್ದ.

ಅಲ್ಲಿ ದೇವರ ಹಲಗೆಯ ಮೇಲೆ ಹಳೆಯದೊಂದು ಉಪಕರಣವಿತ್ತು. ಕಬ್ಬಿಣದ ತೋಳು, ತುದಿಯಲ್ಲಿ ಎರಡು ಪುಟ್ಟ ಹಲ್ಲುಗಾಲಿ, ಕಡುಬಿನ ಅಂಚು ಕತ್ತರಿಸುವ ಗಾಲಿಯಂತೆ. ಹಿಂದಿನವರು ಬಿಟ್ಟುಹೋದದ್ದು. ಏನೆಂದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದರಿಂದಲೇ ಆಯುಧಪೂಜೆಯಲ್ಲಿ ಮೊದಲ ಕುಂಕುಮ ಅದಕ್ಕೆ.

ಒಂದು ಸಲ ಪೂಜೆಗೆಂದು ತೊಳೆಯುವಾಗ ಅಣ್ಣ ಆ ಗಾಲಿಗಳನ್ನು ದಿಟ್ಟಿಸಿದ. ಒಂದರ ಹಲ್ಲು ಎಡಕ್ಕೆ ವಾಲಿತ್ತು, ಇನ್ನೊಂದರದು ಬಲಕ್ಕೆ. ಅನುಮಾನ ಬಂದು ಲೇತಿಗೆ ಕಟ್ಟಿ, ತಿರುಗುವ ಸರಳಿಗೆ ಒತ್ತಿದ. ಗೀರಿಗೆ ಗೀರು ಹೆಣೆದುಕೊಂಡು ಸರಳು ಚಾಪೆಯಂತೆ ತರಿತರಿಯಾಯಿತು. ಎಣ್ಣೆಗೈಯಲ್ಲಿ ಹಿಡಿದ. ಜಾರಲಿಲ್ಲ.

ಯಜಮಾನನ ಬಳಿಗೆ ಓಡಿದ. "ಸ್ವಾಮಿ, ಇದು ಹಿಡಿ ಜಾರದಂತೆ ಮಾಡುವ ಉಪಕರಣ. ಪ್ರೆಸ್ಸಿನ ಹಿಡಿ ಬಿಚ್ಚಿ ಕೊಡಿ, ಈಗಲೇ ಮಾಡುತ್ತೇನೆ."

ಯಂತ್ರ ನಿಲ್ಲುವುದು ಯಜಮಾನನಿಗೆ ಬೇಕಿರಲಿಲ್ಲ. ಅವನು ನಕ್ಕ. "ನನ್ನದೇನು ಅಡ್ಡಿಯಪ್ಪ? ನಿಮ್ಮವರು ಒಪ್ಪಲಿ."

ಜೊತೆಯ ಕೆಲಸಗಾರರು ಒಪ್ಪಲಿಲ್ಲ. ಎಲ್ಲರಿಗಿಂತ ಮೊದಲು ತಮ್ಮನೇ ಸಿಡಿದ. "ದೇವರನ್ನು ತಂದು ಲೇತಿಗೆ ಕಟ್ಟಿದೆಯಲ್ಲ ಅಣ್ಣ, ನಿನಗೇನು ತಲೆ ಕೆಟ್ಟಿದೆಯಾ? ಇಷ್ಟು ದಿನ ನನ್ನ ಕೈ ಉಳಿದದ್ದು ಯಾರ ದಯೆಯಿಂದ?"

"ನಿನ್ನ ಕೈ ಉಳಿಸಲೆಂದೇ ಅದನ್ನು ಮಾಡಿದ್ದು ಕಣೋ. ಹಲಗೆಯ ಮೇಲೆ ಕೂತರೆ ಹೇಗೆ ಉಳಿಸೀತು?"

ತಮ್ಮ ಕೇಳಲಿಲ್ಲ. ಅದನ್ನು ಕಿತ್ತುಕೊಂಡು ಹಾಲಿನಲ್ಲಿ ತೊಳೆದು ಮತ್ತೆ ಹಲಗೆಗೇರಿಸಿದ. ಯಜಮಾನ ಖುಷಿಯಿಂದ ಅದಕ್ಕೊಂದು ಗಾಜಿನ ಪೆಟ್ಟಿಗೆ ಮಾಡಿಸಿ ಬೀಗ ಜಡಿದ.

ಮುಂದಿನ ಮಳೆಗಾಲದಲ್ಲಿ ಹಿಡಿ ಜಾರಿತು.

ಆ ವರ್ಷವೂ ಆಯುಧಪೂಜೆಗೆ ತಮ್ಮ ಬಂದ. ಉಳಿದ ಒಂದೇ ಕೈಯಿಂದ ಗಾಜಿಗೆ ಕುಂಕುಮ ಹಚ್ಚಿದ. "ಇದೊಂದನ್ನಾದರೂ ಉಳಿಸಿದೆಯಲ್ಲ ತಂದೆ" ಎಂದು ಅತ್ತ. ಆರತಿ ತಟ್ಟೆ ಹಿಡಿಯಲು ಅವನಿಗೆ ಇನ್ನೊಂದು ಕೈ ಇರಲಿಲ್ಲ. ಅಣ್ಣನೇ ಹಿಡಿದ.

ಕತೆ ಮುಗಿಯಿತು. ಶಿಷ್ಯನ ಕಣ್ಣು ತುಂಬಿ ಬಂತು. ಅವನು ಬಾಗಿ ಗುರುವಿನ ಪಾದ ಮುಟ್ಟಿ ಕೈಮುಗಿದ.

ಗುರು ಹೇಳಿದರು: "ನನಗೂ ಕುಂಕುಮ ಹಚ್ಚಿಬಿಡು."