ಇಪ್ಪತ್ತಮೂರು ಅಂಜೂರದ ಕಾಯಿ

ಹಿಮ ಬೀಳುವ ಬೆಟ್ಟದ ಮೇಲೆ ಅಂಜೂರ ನೆಡಬಾರದು. ನೀಲಗಂಗವ್ವ ನೆಟ್ಟಿದ್ದಳು.

ಬಳ್ಳಾರಿ ಕಡೆಯ ಬಿಸಿಲು ಬಿಟ್ಟು ಆ ಬೆಟ್ಟದ ಆಶ್ರಮಕ್ಕೆ ಬರುವಾಗ ಅವಳು ತಂದದ್ದು ಎರಡೇ. ಒಂದು ಓಢಣಿ, ಮತ್ತೆ ಎಣ್ಣೆ ಡಬ್ಬಿಯಲ್ಲಿ ಚಿಗುರಿದ ಒಂದು ಅಂಜೂರದ ಕಡ್ಡಿ. ಓಢಣಿ ಮಗಳು ಕಸ್ತೂರಿಯದು. ಕಡ್ಡಿ ಊರಿದವಳೂ ಕಸ್ತೂರಿಯೇ. ಹದಿನೇಳು ತುಂಬುವ ಮೊದಲೇ ಜ್ವರ ಅವಳನ್ನು ಒಯ್ದಿತ್ತು.

ಆಶ್ರಮದ ಗುರುಗಳೂ ಅದೇ ಸೀಮೆಯವರು. ಎಲ್ಲರೂ ಅವರನ್ನು ಅಜ್ಜಾರು ಎನ್ನುತ್ತಿದ್ದರು.

"ಇದು ಇಲ್ಲಿ ಬದುಕಂಗಿಲ್ಲವ್ವ" ಎಂದಿದ್ದರು ಅಜ್ಜಾರು, ಡಬ್ಬಿ ನೋಡಿ.

"ನಾ ಬದುಕಸ್ತೀನ್ರಿ."

ಅಡುಗೆಮನೆಯ ಗೋಡೆಗೆ ಒತ್ತಿ ನೆಟ್ಟಳು. ಗೋಡೆಯ ಆಚೆ ಒಲೆ ಇತ್ತು, ಅದರ ಕಾವು ಸಿಗಲಿ ಎಂದು. ಚಳಿಗಾಲಕ್ಕೆ ಹುಲ್ಲು ಕಟ್ಟಿ ಗೋಣಿ ಸುತ್ತಿದಳು.

ನಾಲ್ಕು ವರ್ಷದಲ್ಲಿ ಅವಳು ಒಮ್ಮೆಯೂ ಅಳಲಿಲ್ಲ. ನೀಲಗಂಗವ್ವನಿಗೆ ಶಾಂತಿ ಸಿಕ್ಕಿದೆ ಎಂದು ಉಳಿದ ಶಿಷ್ಯರು ಮೆಚ್ಚಿಕೊಂಡರು. ಕಣ್ಣೀರು ಕಾಣದಿದ್ದರೆ ಸಾಕು, ಜನ ಅದನ್ನು ಶಾಂತಿ ಎಂದುಬಿಡುತ್ತಾರೆ.

ಗಿಡ ಮೂರು ಕೊಂಬೆಯೊಡೆದು ಕಾಯಿ ಬಿಡತೊಡಗಿತು. ಆದರೆ ಹಣ್ಣಾಗುವಷ್ಟರಲ್ಲಿ ಆ ಬೆಟ್ಟದ ಬಿಸಿಲು ಮುಗಿದುಹೋಗುತ್ತಿತ್ತು.

ಅಂಥ ಕಾಯಿಗಳನ್ನು ಚಳಿಗೆ ಮೊದಲೇ ಕಿತ್ತುಬಿಡಬೇಕು. ಇಲ್ಲದಿದ್ದರೆ ಹಿಮಕ್ಕೆ ಅವು ಕೊಳೆತು, ಆ ಕೊಳೆ ಕೊಂಬೆಗೆ ಇಳಿಯುತ್ತದೆ. ಅಜ್ಜಾರು ಪ್ರತಿ ವರ್ಷ ಹೇಳಿದರು. ಅವಳು ಪ್ರತಿ ವರ್ಷ ತಲೆಯಾಡಿಸಿದಳು, ಕೀಳಲಿಲ್ಲ. ಎರಡು ಕೊಂಬೆ ಸತ್ತವು. ಈಗ ಉಳಿದದ್ದು ಒಂದೇ.

ಅಂದು ಮಧ್ಯಾಹ್ನ ಗಾಳಿ ತಿರುಗಿತು. ಅಜ್ಜಾರು ಹಿತ್ತಲಿಗೆ ಬಂದರು. ನೀಲಗಂಗವ್ವ ಮಗಳ ಓಢಣಿಯನ್ನು ಹರಿದು ಒಂದೊಂದು ಕಾಯಿಗೂ ಚಿಂದಿ ಸುತ್ತುತ್ತಿದ್ದಳು.

"ದೊಡ್ಡವು ಎಷ್ಟ್ ಅದಾವವ್ವ?"

"ಇಪ್ಪತ್ತಮೂರು, ಅಜ್ಜಾರ."

"ನಾಳಿಗೆ ಹಿಮ ಬೀಳತೈತಿ. ಕಿತ್ತುಬಿಡು."

"ಇನ್ನೆಂಟು ದಿನ ಬಿಡ್ರಿ. ಬೆಚ್ಚಗಿದ್ರ ಹಣ್ಣಾಕ್ಕಾವು."

"ಆಗಂಗಿಲ್ಲ. ತುದ್ಯಾಗ ಸಣ್ಣವು ಅದಾವು ನೋಡು, ಕಡಲಿಕಾಳಿನಷ್ಟು. ಕೊಂಬಿ ಉಳದ್ರ ಮುಂದಿನ ಬ್ಯಾಸಿಗಿಗೆ ಅವು ಹಣ್ಣಾದಾವು."

"ಅವು ಇವಲ್ಲಲ್ರಿ."

ಅವಳು ಇನ್ನೊಂದು ಚಿಂದಿ ಹರಿದಳು.

"ನಾ ಒಲಿಗೆ ಇನ್ನಷ್ಟು ಹತ್ತರ ನೆಡಬೇಕಾಗಿತ್ತು" ಎಂದಳು. "ತಪ್ಪು ನಂದ ಐತಿ."

"ಬಿಸಲು ಸಾಲಲಿಲ್ಲವ್ವ. ಅದರಾಗ ನಿಂದೇನ್ ತಪ್ಪು?"

ಚಿಂದಿ ಸುತ್ತುತ್ತಿದ್ದ ಅವಳ ಕೈ ನಿಂತಿತು.

"ಹಣ್ಣಾಗೂದ ಇಲ್ಲಂದ್ರ ಇವು ಯಾಕ ಬಂದ್ವು, ಅಜ್ಜಾರ?"

ಅವಳು ಕೇಳಿದ್ದು ಅಂಜೂರದ ಮಾತಲ್ಲ. ಅಜ್ಜಾರಿಗೆ ಅದು ತಿಳಿಯಿತು. ಉತ್ತರ ಮಾತ್ರ ತಿಳಿದಿರಲಿಲ್ಲ. ಗುರುಗಳಿಗೆ ಎಲ್ಲವೂ ಗೊತ್ತಿರುತ್ತದೆ ಎಂದು ನಂಬಿದವರು ಬೇರೆ ಕಥೆ ಹುಡುಕಿಕೊಳ್ಳಬೇಕು.

ಅವರು ಒಂದು ಚಿಂದಿ ಬಿಚ್ಚಿದರು. ಕಾಯಿ ಕಿತ್ತರು. ತೊಟ್ಟಿನಿಂದ ಬಿಳಿ ಹಾಲು ಸುರಿಯಿತು. ಎರಡೂ ಕೈಯಲ್ಲಿ ಹಿಡಿದು, ಪ್ರಸಾದ ತಿನ್ನುವಂತೆ ತಿನ್ನತೊಡಗಿದರು.

"ಉಗುಳ್ರಿ, ಅಜ್ಜಾರ! ಆ ಹಾಲು ಬಾಯಿ ಸುಡತೈತಿ!"

ಅವರು ಉಗುಳಲಿಲ್ಲ. ಪೂರ್ತಿ ಅಗಿದು ನುಂಗಿದರು. ತುಟಿ ಕೆಂಪಾಗಿ ಊದಿತು. ಕಣ್ಣಲ್ಲಿ ನೀರು ಬಂತು.

"ಒಂಚೂರರ ಸಿಹಿ ಇತ್ತೇನ್ರಿ?"

"ಇರಲಿಲ್ಲ."

"ಮತ್ಯಾಕ ತಿಂದ್ರಿ?"

"ಬಂದಿತ್ತಲ್ಲವ್ವ."

 ನೀಲಗಂಗವ್ವ ಒಳಗೆ ಹೋಗಿ ಬುಟ್ಟಿ ತಂದಳು. ಅಜ್ಜಾರು ಬುಟ್ಟಿ ಹಿಡಿದರು. ಅವಳು ಚಿಂದಿ ಬಿಚ್ಚುವುದು, ಕೀಳುವುದು, ಹಾಕುವುದು. ಹೊತ್ತು ಇಳಿಯುತ್ತಿತ್ತು, ಗಾಳಿ ಇನ್ನೂ ತಣ್ಣಗಾಯಿತು.

ಕೊನೆಯ ಕಾಯಿಯ ಬಳಿ ಅವಳ ಕೈ ತಡೆಯಿತು.

"ಇದೊಂದು ಇರ್ಲೇನ್ರಿ?"

"ಒಂದ ಸಾಕು, ಕೊಂಬಿ ಸಾಯಾಕ."

"ಕಿತ್ರ ಉಳೀತೈತೇನ್ರಿ?"

"ಗೊತ್ತಿಲ್ಲ."

ಅವಳು ಕಿತ್ತಳು. ಬುಟ್ಟಿಗೆ ಹಾಕಲು ಮಾತ್ರ ಆಗಲಿಲ್ಲ. ಹಾಲು ಬೆರಳ ಸಂದಿನಿಂದ ಮುಂಗೈಗೆ ಇಳಿಯಿತು. ಮುಷ್ಟಿ ಬಿಚ್ಚಲಿಲ್ಲ.

"ಇದನ್ನ ಏನ್ ಮಾಡ್ಲಿ, ಅಜ್ಜಾರ?"

ಅಜ್ಜಾರು ಬುಟ್ಟಿ ಕೆಳಗಿಟ್ಟು, ಗಿಡದ ಬುಡದಲ್ಲಿ ನೆಲದ ಮೇಲೆ ಕುಳಿತರು. ಊದಿದ ತುಟಿಯಲ್ಲಿ ಮಾತು ಸರಿಯಾಗಿ ಹೊರಡಲಿಲ್ಲ.

"ಹಿಡ್ಕೊಂಡು ಅಳವ್ವ. ಇನ್ನೇನೂ ಮಾಡಾಕ ಬರಂಗಿಲ್ಲ."