ಸಪ್ಪೆಗಲ್ಲಿಗೆ ಆ ಹೆಸರು ಬಂದದ್ದು

ಘಟ್ಟದ ತಿರುವುಗಳನ್ನೆಲ್ಲ ದಾಟಿದ ಬಸ್ಸು ಸಪ್ಪೆಗಲ್ಲಿನ ಸಂತೆ ಬಯಲಿನಲ್ಲಿ ನಿಲ್ಲುತ್ತದೆ. ಅಲ್ಲಿ ಸೋಲಿಗರ ಹೆಂಗಸರು ಕಾಡುಜೇನು, ನೆಲ್ಲಿಕಾಯಿ, ಮಾಗಳಿ ಬೇರು, ಮಣ್ಣು ಮೆತ್ತಿದ ಕಾಡುಗೆಣಸು ಹರಡಿಕೊಂಡು ಕೂತಿರುತ್ತಾರೆ. ಇಷ್ಟು ಒಳ್ಳೆಯ ಜೇನು ಸಿಗುವ ಊರಿಗೆ ಇಂಥ ಹೆಸರೇಕೆ ಎಂದು ಬಂದವರು ಕೇಳುವುದುಂಟು. ಸಂತೆಯ ಮೂಡಲಿಗೆ, ಮತ್ತಿಮರಗಳ ನಡುವೆ ಇರುವ ಚಪ್ಪಟೆ ಬಂಡೆಯನ್ನು ಹಿರಿಯರು ಆಗ ತೋರಿಸುತ್ತಾರೆ. ಹೆಸರು ಮೊದಲು ಆ ಬಂಡೆಯದು. ಊರಿಗೆ ಬಂದದ್ದು ಆಮೇಲೆ.

ಹಿಂದೆ ಒಮ್ಮೆ, ಬಯಲುಸೀಮೆಯನ್ನು ಪಾಳೆಯಗಾರರು ಆಳುತ್ತಿದ್ದ ಕಾಲದಲ್ಲಿ, ಇಲ್ಲೊಂದು ಸಣ್ಣ ಪೋಡು ಇತ್ತಂತೆ. ಸೋಲಿಗರ ಕೇರಿಗೆ ಪೋಡು ಎಂದೇ ಹೆಸರು. ಅಲ್ಲಿ ಕೇತಮ್ಮನೆಂಬ ವಿಧವೆ ತಾಯಿಯಿಲ್ಲದ ಮೊಮ್ಮಗಳು ರಂಗಿಯನ್ನು ಸಾಕಿಕೊಂಡಿದ್ದಳು. ಒಂದು ಮುಂಜಾನೆ ಗೆಣಸು ಅಗೆಯಲು ಹೋದವಳಿಗೆ ಬಿದಿರುಮೆಳೆಯಲ್ಲಿ ಬೆನ್ನೆಲ್ಲ ಬಾಸುಂಡೆ ಎದ್ದ ಯುವಕನೊಬ್ಬ ಸಿಕ್ಕ. ಹೆಸರು ಮಂಚ. ಪಾಳೆಯಗಾರನ ಕೋಟೆಯ ಬಿಟ್ಟಿ ಕೆಲಸದಲ್ಲಿ ಗೋಡೆ ಕುಸಿದು ಅವನ ತಮ್ಮ ಸತ್ತಿದ್ದ. ಹೆಣ ತೆಗೆಯಲೂ ಬಿಡದ ಮೇಸ್ತ್ರಿಗೆ ಹೊಡೆದು, ಚಾಟಿಯೇಟು ತಿಂದು, ಹೇಗೋ ತಪ್ಪಿಸಿಕೊಂಡು ಬಂದಿದ್ದ. ಕೇತಮ್ಮ ಅವನನ್ನು ಗುಡಿಸಲಿಗೆ ಕರೆತಂದು, ಗಾಯಕ್ಕೆ ಜೇನು ಸವರಿ, “ನನ್ನ ಒಲೆ ಮುಂದೆ ಉಂಡೋನು ನನ್ನ ಮಗ. ಹೆದರಬ್ಯಾಡ ಕನ” ಎಂದಳು.

ಸುಳಿವು ಹತ್ತಿದ ಪಾಳೆಯಗಾರ ದಂಡು ಕಳಿಸಲಿಲ್ಲ. ಸೋಲಿಗರು ಜೇನು ಕೊಟ್ಟು ಉಪ್ಪು ತರುತ್ತಿದ್ದ ದಾರಿಗೆ ಘಟ್ಟದ ಬುಡದಲ್ಲಿ ಕಾವಲು ಹಾಕಿಸಿದ. ಓಡಿಹೋದವನನ್ನು ಒಪ್ಪಿಸುವ ತನಕ ಒಂದು ಹರಳು ಉಪ್ಪೂ ಬೆಟ್ಟ ಏರಕೂಡದು ಎಂದು ಅಪ್ಪಣೆಯಾಯಿತು. ಮೊದಮೊದಲು ಪೋಡಿನವರು ನಕ್ಕರು. ಮಳೆಗಾಲ ಕಳೆಯುವಷ್ಟರಲ್ಲಿ ಗಂಡಸರ ಮೀನಖಂಡ ಸೆಟೆದು ಜೇನುಬಂಡೆ ಹತ್ತಲಾಗದಾಯಿತು. ಮಕ್ಕಳು ಬಾಯಿಗಿಟ್ಟ ಗಂಜಿಯನ್ನು ಉಗುಳತೊಡಗಿದವು. ಇಬ್ಬರು ಮುದುಕರು ತೀರಿಕೊಂಡರು. ರಂಗಿ ಚಾಪೆ ಬಿಟ್ಟು ಏಳದಾದಳು. ತಾನೇ ಕೆಳಗಿಳಿದು ಹೋಗುತ್ತೇನೆಂದು ಮಂಚ ಹೊರಟಾಗ ಕೇತಮ್ಮ ಬಾಗಿಲಿಗೆ ಅಡ್ಡ ಮಲಗಿ ತಡೆದಳಂತೆ.

ಅವಳು ಮೊಮ್ಮಗಳಿಗೆ ಮದ್ದಿನ ಬೇರು ತರಲು ಕಾಡಿಗೆ ಹೋದ ದಿನ ಜಡೆಯನೆಂಬ ಪೋಡಿನ ಯಜಮಾನ ಹಗ್ಗ ಹಿಡಿದು ಬಂದ. ಮಂಚ ಎದುರಾಡಲಿಲ್ಲ, ಕೈಗಳನ್ನು ತಾನೇ ಮುಂದೆ ಚಾಚಿದ ಎನ್ನುತ್ತಾರೆ. ಕೇತಮ್ಮ ಮರಳಿದಾಗ ಒಲೆಯ ಪಕ್ಕ ಮೊರದ ತುಂಬ ಉಪ್ಪಿತ್ತು. ಯಜಮಾನ ಹೊಸ್ತಿಲ ಹೊರಗೆ ತಲೆ ತಗ್ಗಿಸಿ ಕೂತಿದ್ದ.

“ಎಲ್ಲವ್ನೆ ನನ್ನ ಮಗ?”

“ಮಕ್ಕಳು ಸಾಯ್ತಿದ್ವು ಕನಕ್ಕ. ನಿನ್ನ ಮೊಮ್ಮಗಳೂವೆ.”

ಒಳಗೆ ರಂಗಿ ಉಪ್ಪು ಬೆರೆಸಿದ ಗಂಜಿ ಕುಡಿದು ಎದ್ದು ಕೂತಿದ್ದಳು. ತುಟಿ ನೆಕ್ಕುತ್ತ, “ರುಚಿಯಾಗದೆ ಕನಜ್ಜಿ, ನೀನೂ ಕುಡಿ” ಎಂದಳು. ಕೇತಮ್ಮನಿಗೆ ಯಜಮಾನನನ್ನು ಬೈಯಲು ಬಾಯಿ ಬರಲಿಲ್ಲ. ಆ ಗಂಜಿಯನ್ನು ಕುಡಿಯಲೂ ಆಗಲಿಲ್ಲ. ಮಂಚನನ್ನು ಅದೇ ಕೋಟೆಯ ಗೋಡೆಯಡಿ ಹೂತರೆಂಬ ಸುದ್ದಿ ಆಮೇಲೆ ಬಂತು. ಅಂದಿನಿಂದ ಅವಳು ತನ್ನ ಪಾಲಿನ ಉಪ್ಪನ್ನು ಮತ್ತಿಮರಗಳ ನಡುವಿನ ಆ ಚಪ್ಪಟೆ ಬಂಡೆಯ ಮೇಲೆ ಸುರಿದುಬಿಡುತ್ತಿದ್ದಳು. ಅಲ್ಲೇ ಮೂರು ಕಲ್ಲು ಹೂಡಿ, ಸಪ್ಪೆಗಂಜಿ ಕಾಯಿಸಿ ಉಣ್ಣುತ್ತಿದ್ದಳು. ಯಾರು ಬೇಡಿಕೊಂಡರೂ ಕೇಳಲಿಲ್ಲ. ದಿನದಿನಕ್ಕೆ ಸೊರಗಿ, ರಂಗಿಯ ಮದುವೆಯಾದ ವರ್ಷ ಆ ಬಂಡೆಯ ಮೇಲೇ ಪ್ರಾಣ ಬಿಟ್ಟಳು. ಅವಳ ತಿಥಿಗೆ ಜಡೆಯ ಅಲ್ಲೇ ಉಪ್ಪಿಲ್ಲದ ಅಡುಗೆ ಮಾಡಿಸಿ, ಎಲ್ಲರೆದುರು ಮೊದಲ ತುತ್ತನ್ನು ತಾನು ತಿಂದನಂತೆ.

ಇವತ್ತಿಗೂ ಹೊಸ ಗೆಣಸು ಅಗೆದ ವಾರ ಬಂಡೆಯ ಮೇಲೆ ಮಡಕೆ ಏರುತ್ತದೆ. ಗೆಣಸು, ಅವರೆಕಾಳು, ನೀರು, ಅಷ್ಟೇ. ಜಡೆಯನ ವಂಶದವರು ಮೊದಲು ಉಣ್ಣುತ್ತಾರೆ. ಬಂಡೆಯ ನಡುವೆ ಅಂಗೈಯಂಥ ಒಂದು ಕುಳಿಯಿದೆ, ಅವಳು ಸುರಿದ ಉಪ್ಪಿಗೆ ಬಂದ ಕಡವೆಗಳು ನೆಕ್ಕಿ ನೆಕ್ಕಿ ಸವೆದದ್ದು ಎನ್ನುತ್ತಾರೆ. ನೋಡಲು ಬಂದವರಿಗೂ ಮುತ್ತುಗದ ಎಲೆಯಲ್ಲಿ ಒಂದಿಷ್ಟು ಬಡಿಸುತ್ತಾರೆ. ಅರಿಯದ ಯಾರೋ ಒಂದು ಚಿಟಿಕೆ ಉಪ್ಪು ಕೇಳಿಯೇ ಕೇಳುತ್ತಾರೆ. ಬಡಿಸುವ ಹೆಂಗಸು ಕೋಪ ಮಾಡಿಕೊಳ್ಳುವುದಿಲ್ಲ. “ಇಲ್ಲಿ ಇಕ್ಕಾಕಿಲ್ಲ ಕನ ಸ್ವಾಮಿ. ಹಂಗೇ ಉಣ್ಣಿ” ಎನ್ನುತ್ತಾಳೆ.