ಕಾಲಡಿಯ ಮುಖ

ಒಡೆಯ ಸತ್ತ. ಅವನ ಇಬ್ಬರು ಮಕ್ಕಳು ಗದ್ದುಗೆಗಾಗಿ ಬಡಿದಾಡಿದರು. ಹೊಳೆದಂಡೆಯ ಆ ಊರಿನ ಗಂಡಸರಲ್ಲಿ ಅರ್ಧ ಜನ ಹಿರಿಯನ ಕಡೆ ಹೋದರು, ಅರ್ಧ ಜನ ಕಿರಿಯನ ಕಡೆ. ಕಿರಿಯವನು ಗೆದ್ದ.

ತನ್ನ ಕಡೆ ಸತ್ತ ಹನ್ನೆರಡು ಜನಕ್ಕೆ ಗುಡಿಯ ಅಂಗಳದಲ್ಲಿ ವೀರಗಲ್ಲು ನಿಲ್ಲಿಸಿ ಎಂದ. ಸೋತವರಿಗೆ ಕಲ್ಲು ಕೂಡದು ಎಂದ. ಗೆದ್ದವರು ಇನ್ನೇನು ಅಂದಾರು!

ಕೆಲಸ ಒಪ್ಪಿಕೊಂಡವನು ಶಿಲ್ಪಿ ನಾಗೋಜ. ಕೆತ್ತಿದವನು ಅವನ ಶಿಷ್ಯ ಮಲ್ಲೋಜ. ಹನ್ನೆರಡರಲ್ಲಿ ಒಂದು ಕಲ್ಲು ಮಲ್ಲೋಜನ ಸ್ವಂತ ಅಣ್ಣನದು.

ವೀರಗಲ್ಲಿಗೆ ಒಂದು ಕ್ರಮವಿದೆ. ಮೇಲೆ ಶಿವನ ಸನ್ನಿಧಿ, ನಡುವೆ ವೀರನನ್ನು ಕರೆದೊಯ್ಯುವ ದೇವಕನ್ಯೆಯರು, ಕೆಳಗೆ ಯುದ್ಧ. ಆ ಕೆಳಗಿನ ಸಾಲಿನಲ್ಲಿ ವೀರನ ಕಾಲಡಿ ಬಿದ್ದ ವೈರಿ ಇರಲೇಬೇಕು. ಮಲ್ಲೋಜ ಹನ್ನೆರಡು ವೀರರಿಗೂ ಅವರವರ ಮುಖ ಕೊಟ್ಟ. ವೈರಿಗಳ ತಲೆಯನ್ನು ಮಾತ್ರ ಬರೀ ಗುಂಡಗೆ ಬಿಟ್ಟ.

ಕಲ್ಲು ನಿಲ್ಲಿಸಿದ ಮರುದಿನ ಸಂಕವ್ವ ಎಣ್ಣೆಯ ಗಿಂಡಿ ಹಿಡಿದು ಬಂದಳು. ಅವಳ ಮಗ ಕೇತ ಸೋತ ಕಡೆ ಸತ್ತಿದ್ದ. ಒಂದೊಂದು ಕಲ್ಲಿನ ಮುಂದೆಯೂ ಬಗ್ಗಿ ನೋಡಿದಳು.

"ಮಲ್ಲಾ, ಇದರಲ್ಲಿ ನನ್ನ ಮಗ ಯಾರಪ್ಪಾ?"

"ಯಾರೂ ಅಲ್ಲ. ಹೋಗವ್ವಾ."

ಅವಳು ತಂದ ಎಣ್ಣೆಯನ್ನು ಹಾಗೇ ಹಿಡಿದುಕೊಂಡು ಹೋದಳು.

ನಾಗೋಜ ಕೇಳಿದ, "ಅವಳ ಮಗ ಇಲ್ಲಿ ಇಲ್ಲ ಅಂದ್ರೆ, ನಿಮ್ಮಣ್ಣ ಕೊಂದದ್ದು ಯಾರನ್ನೋ?"

"ಕೇತನ್ನೇ. ಇಬ್ಬರೂ ಒಬ್ಬರನ್ನೊಬ್ಬರು ಇರಿದು ಒಟ್ಟಿಗೇ ಬಿದ್ದರು."

"ಮತ್ತೆ ಅವನ ಮುಖ?"

"ಸೋತವರಿಗೆ ಕಲ್ಲು ಬೇಡ ಅಂತ ಅಪ್ಪಣೆ ಇದೆ, ಗುರುಗಳೇ."

"ಕಲ್ಲು ಬೇಡ ಅಂತಿದೆ. ಮುಖ ಬೇಡ ಅಂತ ಎಲ್ಲಿದೆ?"

ಮಲ್ಲೋಜನಿಗೆ ಮೈಯೆಲ್ಲ ಉರಿಯಿತು. ಉರಿಯುತ್ತಲೇ ಉಳಿ ಹಿಡಿದ. ಅಣ್ಣನ ಕಾಲಡಿಯ ಗುಂಡನೆಯ ತಲೆಗೆ ಕೆಕ್ಕರಿಸಿದ ಕಣ್ಣು ಕೆತ್ತಿದ, ಕೋರೆಹಲ್ಲು ಕೆತ್ತಿದ.

ಸಂಕವ್ವ ಮತ್ತೆ ಬಂದಳು. ಆ ಮುಖದ ಮುಂದೆ ಬಗ್ಗಿದಳು, ಮುಂದಿನ ಕಲ್ಲಿಗೆ ಹೋದಳು. ಹನ್ನೆರಡೂ ನೋಡಿ ಮನೆಗೆ ಹೋದಳು.

"ನೋಡಿದ್ರಾ? ಹೆತ್ತವಳಿಗೇ ಗುರುತು ಸಿಗಲಿಲ್ಲ," ಎಂದ ಮಲ್ಲೋಜ. "ನಾನು ಕಣ್ಣಾರೆ ಕಂಡ ಮುಖ ಅದು. ಅಣ್ಣನ ಎದೆಗೆ ಭರ್ಜಿ ಇಳಿಸುವಾಗ ಹಾಗೇ ಇದ್ದ."

"ಅದು ಒಂದು ಗಳಿಗೆ. ಅದಕ್ಕೆ ಮುಂಚೆ ಇಪ್ಪತ್ತು ವರ್ಷ ನೋಡಿದ್ಯಲ್ಲ, ಅದೆಲ್ಲಿ ಹೋಯ್ತು?"

ಮಲ್ಲೋಜ ಮೂರು ದಿನ ಕಲ್ಲಿನ ಹತ್ತಿರ ಸುಳಿಯಲಿಲ್ಲ. ಗುರುವಿನ ಮೇಲೆ ಕೋಪ, ಕೇತನ ಮೇಲೆ ಕೋಪ, ಸತ್ತ ಅಣ್ಣನ ಮೇಲೂ ಕೋಪ.

ನಾಲ್ಕನೆಯ ದಿನ ಬಂದು ಕೂತ. ಕಲ್ಲನ್ನು ಕಡಿದು ತೆಗೆಯಬಹುದು, ಮತ್ತೆ ಸೇರಿಸಲಾಗದು. ಕೋರೆಹಲ್ಲು ತೆಗೆದ, ಕೆಕ್ಕರಿಸಿದ ಕಣ್ಣು ತೆಗೆದ. ಮುಖ ಸಣ್ಣದಾಯಿತು, ಗರಡಿಗೆ ಹೊಸದಾಗಿ ಬಂದ ಹುಡುಗನ ಮುಖದ ಹಾಗಾಯಿತು. ಕೊನೆಗೆ ಎಡಗಿವಿಯನ್ನು ಮುರುಟಿದಂತೆ ಕೆತ್ತಿದ. ಗರಡಿಯಲ್ಲಿ ಆ ಕಿವಿ ಜಜ್ಜಿ ಮುರುಟಿಸಿದವನು ಮಲ್ಲೋಜನೇ.

ಸಂಕವ್ವ ಬಂದಳು. ಬಗ್ಗಿದವಳು ಅಲ್ಲೇ ಕುಸಿದು ಕೂತಳು.

"ಇಲ್ಲಿದೀಯೇನೋ," ಎಂದಳು.

ಮುರುಟಿದ ಕಿವಿಗೆ ಎಣ್ಣೆ ಸವರಿದಳು. ಅಂಗೈಯಲ್ಲಿ ಉಳಿದದ್ದನ್ನು ಮೇಲೆ ನಿಂತ ವೀರನ ತಲೆಗೂ ಒತ್ತಿದಳು.

"ಗರಡಿಯಿಂದ ಬಂದಾಗ ಇಬ್ಬರಿಗೂ ನಾನೇ ಒತ್ತುತ್ತಿದ್ದೆ, ಮಲ್ಲಾ. ನಿನಗೂ ಒತ್ತಿದೀನಿ."

ಮಲ್ಲೋಜ ಉಳಿ ಕೆಳಗೆ ಹಾಕಿ ಗೊಳೋ ಎಂದು ಅತ್ತ. ಅಣ್ಣ ಸತ್ತ ದಿನವೂ ಅವನು ಅತ್ತಿರಲಿಲ್ಲ.

ನಾಗೋಜ ಅಳು ಮುಗಿಯುವ ತನಕ ಕಾದ. ಗುಡಿಯ ಬಾಗಿಲಲ್ಲಿ ಆಗಲೇ ಸೋತ ಕಡೆಯ ಏಳೆಂಟು ಹೆಂಗಸರು ಗಿಂಡಿ ಹಿಡಿದು ನಿಂತಿದ್ದರು.

"ಉಳಿ ಎತ್ಕೋ," ಎಂದ ನಾಗೋಜ. "ಇನ್ನೂ ಹನ್ನೊಂದು ಕಲ್ಲಿದಾವೆ."